ಗಾದಿಲಿಂಗಪ್ಪನ ಕೈ ಏಳಲಿಲ್ಲ

ಅಂಜಿನಿ ಚೊಂಬಿನ ನೀರನ್ನೆಲ್ಲ ಅಜ್ಜನ ಎಲೆಅಡಿಕೆ ಚೀಲಕ್ಕೆ ಸುರಿದಳು. ಬಾಗಿಲ ಹಿಂದೆ ನಿಂತ ಅವಳ ತಾಯಿ ನಾಗಲಿಂಗಮ್ಮ ತನ್ನ ಅಪ್ಪನ ಬಲಗೈಯನ್ನೇ ನೋಡಿದಳು. ಈಗ ಏಳುತ್ತದೆ. ಏಳಲೇಬೇಕು.

ಆ ಕೈ ಒದ್ದೆ ಚೀಲವನ್ನು ಹಿಂಡಿತು, ಬಿಸಿಲಿಗೆ ಹರವಿತು, ಮತ್ತೆ ತೊಡೆಯ ಮೇಲೆ ಸುಮ್ಮನೆ ಮಲಗಿತು.

ಗಾದಿಲಿಂಗಪ್ಪ ಹಗರಿಬೊಮ್ಮನಹಳ್ಳಿಯ ಮಗಳ ಮನೆಗೆ ಬಂದದ್ದು ಕಣ್ಣಿನ ಪೊರೆ ತೆಗೆಸಿಕೊಳ್ಳಲು. ಕೊಟ್ಟೂರಿನಿಂದ ಅಣ್ಣ ಪಕ್ಕದ ಎಸ್‌ಟಿಡಿ ಅಂಗಡಿಗೆ ಫೋನು ಮಾಡಿದಾಗ ಅವಳು ಒಂದೇ ಮಾತಿಗೆ ಒಪ್ಪಿದ್ದಳು. ಅಪ್ಪನ ಮೇಲೆ ಇಷ್ಟು ಪ್ರೀತಿಯೇ ಎಂದು ಅಣ್ಣನಿಗೇ ಬೆರಗು. ಪ್ರೀತಿಯಲ್ಲ. ಅವಳು ಅಂಜಿನಿಯಷ್ಟಿದ್ದಾಗ ಶೇಂಗಾ ಎಣ್ಣೆಯ ಗಡಿಗೆ ಒಡೆದಿದ್ದಳು. ಇದೇ ಅಪ್ಪ ಕೆಂಡದ ಮೇಲೆ ಒಣಮೆಣಸಿನಕಾಯಿ ಸುರಿದು, ಜಡೆ ಹಿಡಿದು, ಅವಳ ಮುಖವನ್ನು ಹೊಗೆಗೆ ಒತ್ತಿದ್ದ. ಊರಲ್ಲಿ ಎಲ್ಲರೂ ಮಕ್ಕಳಿಗೆ ಹಾಗೇ ಬುದ್ಧಿ ಕಲಿಸುತ್ತಿದ್ದರು. ಯಾರೂ ಬಿಡಿಸಲಿಲ್ಲ. ಹೆತ್ತ ಅವ್ವ ಕೂಡ ಒಲೆಯ ಮುಂದಿನಿಂದ ಏಳಲಿಲ್ಲ.

ನಾಗಲಿಂಗಮ್ಮ ತನ್ನ ಮಗಳ ಮೈಮೇಲೆ ಒಂದು ದಿನವೂ ಕೈ ಮಾಡಿದವಳಲ್ಲ, ಬೈದವಳೂ ಅಲ್ಲ. ತಪ್ಪು ಮಾಡಿದರೆ ಮಾತು ಬಿಡುತ್ತಿದ್ದಳು, ಅಷ್ಟೇ. ಹೊತ್ತಿಗೆ ಸರಿಯಾಗಿ ಉಣ್ಣಲು ಇಡುವಳು, ಜಡೆ ಹೆಣೆಯುವಳು, ಶಾಲೆಗೆ ಕಳಿಸುವಳು. ಬೆತ್ತವಿಲ್ಲದೆ ಮಗಳನ್ನು ಹದ್ದುಬಸ್ತಿನಲ್ಲಿ ಇಟ್ಟಿದ್ದಾಳೆಂದು ಓಣಿಯವರು ಹೊಗಳುತ್ತಿದ್ದರು. ಅಂಜಿನಿ ಬೆಳ್ಳಿಯ ಕಾಲ್ಚೈನು ಕಳೆದುಕೊಂಡು ಬಂದದ್ದು ಅಜ್ಜ ಬರುವ ಮುಂಚೆ. ಆ ಶಿಕ್ಷೆ ಇನ್ನೂ ಮುಗಿದಿರಲಿಲ್ಲ.

ಅಪ್ಪ ಆಪರೇಷನ್ ಮಾಡಿಸಿಕೊಂಡು, ಕಪ್ಪು ಕನ್ನಡಕ ಹಾಕಿಕೊಂಡು ಪಡಸಾಲೆಯಲ್ಲಿ ಕೂತ ಮಧ್ಯಾಹ್ನ, ಹಿತ್ತಲಲ್ಲಿ ಅಕ್ಕಿ ಆರಿಸುತ್ತ ಅವಳು ನೆರೆಮನೆಯ ಭರಮಮ್ಮನಿಗೆ ಮನಸ್ಸಿನಲ್ಲಿದ್ದದ್ದನ್ನು ಹೇಳಿಬಿಟ್ಟಳು.

"ಒಂದೇ ಒಂದು ಏಟು ಹಾಕ್ಲಿ ಭರಮಕ್ಕ. ಕೂಸಿನ್ನ ಎತ್ತಿ ಎದಿಗೆ ಅವುಚ್ಕಂಡು, ಓಣಿ ಮಂದಿನೆಲ್ಲ ಕೂಗಿ ಕರೆದು, ಅದೇ ಕರಿ ಕನ್ನಡಕದಾಗ ಮುದುಕನ್ನ ಕೊಟ್ಟೂರು ಬಸ್ ಹತ್ತಸ್ತೀನಿ."

"ಅಂವ ಕಣ್ಣಿಗೆ ಮದ್ದು ಬಿಟ್ಕಂಡು ಕುಂತಾನ, ನೀ ನೋಡಿದ್ರ ಬೆಂಕಿ ಹಚ್ಚಾಕ ನಿಂತೀದಿ" ಎಂದು ಭರಮಮ್ಮ ನಕ್ಕಳು. ಅವರ ಕಾಲ ಬಳಿ ಅಂಜಿನಿ ಒಬ್ಬಳೇ ಗಜ್ಜುಗ ಆಡುತ್ತಿದ್ದಳು.

ಮರುದಿನದಿಂದ ದೈವವೇ ನಾಗಲಿಂಗಮ್ಮನ ಕಡೆ ಬಂದಂತಾಯಿತು. ಹೂವಿನಂಥ ಹುಡುಗಿ ಪುಂಡಾಟಕ್ಕೆ ಇಳಿದಳು. ಅಜ್ಜನ ಚಹಾಕ್ಕೆ ಉಪ್ಪು. ಧೋತರಕ್ಕೆ ಬೂದಿ. ಊರುಗೋಲು ಬಚ್ಚಲೊಳಗೆ. ಈಗ ಎಲೆಅಡಿಕೆ ಚೀಲ. ನಾಗಲಿಂಗಮ್ಮ ಬೇಡ ಎನ್ನಲಿಲ್ಲ. ಎನ್ನಬೇಕೆಂದರೆ ಮಾತಾಡಬೇಕಿತ್ತಲ್ಲ.

ಮುದುಕ ಪ್ರತಿ ಸಲವೂ "ಹೋಗ್ಲಿ ಬಿಡು ಕೂಸು" ಎನ್ನುತ್ತಿದ್ದ. ಆ ಮಾತು ಕೇಳಿದಾಗಲೆಲ್ಲ ನಾಗಲಿಂಗಮ್ಮನಿಗೆ ಮೆಣಸಿನಕಾಯಿಯ ಹೊಗೆ ನೆನಪಾಗುತ್ತಿತ್ತು. ಈ ತಾಳ್ಮೆ ಅವತ್ತು ಎಲ್ಲಿ ಸತ್ತಿತ್ತು?

ಅಂದು ಇಳಿಹೊತ್ತಿಗೆ ಅಂಜಿನಿ ಗೋಡೆಯ ಗೂಡಿನಲ್ಲಿದ್ದ ಕಣ್ಣಿನ ಔಷಧಿಯ ಸೀಸೆಯನ್ನು ತೆಗೆದು, ಅಜ್ಜನ ಎದುರಿಗೇ ಕಲ್ಲಿನ ಮೇಲೆ ಎತ್ತಿ ಹಾಕಿದಳು. ಸೀಸೆ ಚೂರಾಯಿತು. ಗಾದಿಲಿಂಗಪ್ಪ ಗೋಡೆ ಹಿಡಿದು ಎದ್ದ. ದವಡೆ ಬಿಗಿದಿತ್ತು. ಮೊದಲ ಸಲ ಆ ಮುಖ ಹಳೆಯ ಅಪ್ಪನ ಮುಖವಾಗಿತ್ತು. ನಾಗಲಿಂಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊಸ್ತಿಲಿಗೆ ಬಂದಳು.

ಅಂಜಿನಿ ಓಡಲಿಲ್ಲ. ಅಜ್ಜನ ಹತ್ತಿರ ಹೋಗಿ, ಕಣ್ಣು ಮುಚ್ಚಿ, ಕೆನ್ನೆ ಮುಂದೊಡ್ಡಿದಳು.

"ಜೋರಾಗಿ ಒಂದೇಟು ಹೊಡಿ ಅಜ್ಜಾ. ಆಮ್ಯಾಲೆ ಅವ್ವ ನನ್ನ ಎತ್ಕಂತಾಳ, ಮಾತಾಡ್ತಾಳ."