ಅಜ್ಜ ಬದಲಿಸಿ ತಂದ ಸೂಪರ್‌ಹೀರೋ

ಮಗಳಿಗಾಗಿ ಗೊಂಬೆಯ ಪೊಟ್ಟಣ ಒಡೆದಾಗಲೆಲ್ಲ ಆ ಹೊಸ ಪ್ಲಾಸ್ಟಿಕ್ಕಿನ ವಾಸನೆಗೆ ನನಗೆ ನಾನು ಬೆಳೆದ ಸಂಭಾಜಿನಗರದ, ಬಾಲ್ಯದ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಅಂದು ನನಗೆ ಸಿಕ್ಕಿದ್ದು ಬೆರಳುದ್ದವೂ ಇಲ್ಲದ ಒಂದು ಸೂಪರ್‌ಹೀರೋ ಗೊಂಬೆ. ಗೆಳತಿಯರ ಬಳಿ ಇದ್ದದ್ದು ಕೆಂಪು ಅಂಗಿಯವನು. ನನ್ನವನು ಅವನದೇ ಇನ್ನೊಂದು ರೂಪ, ಬೇರೆ ಲೋಕದವನು: ಕಪ್ಪು ಅಂಗಿ, ಬೂದು ಮುಖ. ಅವನಿಗಾಗಿ ಬೇಸಿಗೆಯಿಡೀ ಕಾದಿದ್ದೆ.

ಕಲಬುರಗಿಯಿಂದ ಬಂದಿದ್ದ, ಗೆಳತಿಯರ ಗೊಂಬೆಗಳನ್ನು ಕಂಡಿದ್ದ ಅಜ್ಜ ಅವನನ್ನು ಬೆಳಕಿಗೆ ಹಿಡಿದರು. “ಅಂಗಡಿಯಂವ ಮೋಸ ಮಾಡ್ಯಾನ. ಬಣ್ಣಾನೇ ತಪ್ಪು ಅದ.”

ಕನ್ನಡ ನನಗೆ ತಿಳಿಯುತ್ತಿತ್ತು, ಸರಿಯಾಗಿ ಆಡಲು ಬರುತ್ತಿರಲಿಲ್ಲ. ಅಜ್ಜನಿಗೆ ಮರಾಠಿ ಬಾರದು. ನನಗೆ ಬೇಕಿದ್ದವನು ಇವನೇ ಎಂದು ತಿಳಿಸಲಾಗದೆ ಮಲಗಿಬಿಟ್ಟೆ.

ಏಳುವಷ್ಟರಲ್ಲಿ ಅಜ್ಜ ಬಿಸಿಲಲ್ಲಿ ಪೈಠಣ ಗೇಟಿನ ಪೇಟೆಯ ತನಕ ನಡೆದು, ಅಂಗಡಿಯವನೊಂದಿಗೆ ಕನ್ನಡದಲ್ಲೇ, ಕೈಸನ್ನೆ ಮಾಡಿ ಜಗಳವಾಡಿ, ಗೊಂಬೆ ಬದಲಿಸಿಕೊಂಡು ಬಂದಿದ್ದರು. ಧೋತರದಂಚಿನ ಗಂಟು ಬಿಚ್ಚಿ ಕೆಂಪು ಅಂಗಿಯವನನ್ನು ನನ್ನ ಅಂಗೈಯಲ್ಲಿಟ್ಟರು.

“ಈಗ ಖರೇ ಅಂವ ಬಂದಾನ ನೋಡು, ತಂಗಿ.”

ಗೊಂಬೆ ಅವರ ಬೆವರಿಗೆ ಒದ್ದೆಯಾಗಿತ್ತು. ನನಗೆ ಬರುತ್ತಿದ್ದ ಅಷ್ಟಿಷ್ಟು ಕನ್ನಡದಲ್ಲಿ ಹೇಳಿದೆ:

“ಛಲೋ ಅದ, ಅಜ್ಜಾ.”