ಗೇಟಿನ ಹೊರಗಿನ ಕರೆ

ಗಂಗಮ್ಮನ ಪೆನ್ನು ಅರ್ಜಿಯ ಮೇಲೆ ನಿಂತಿತ್ತು. ಟಿವಿ, ಫೋನು, ಇಂಟರ್ನೆಟ್ಟು ಮೂರನ್ನೂ ಒಂದೇ ಕಂಪನಿಯಿಂದ ತೆಗೆದುಕೊಂಡರೆ ತಿಂಗಳಿಗೆ ಇನ್ನೂರೈವತ್ತು ರೂಪಾಯಿ ಉಳಿಯುತ್ತದೆಂದು ಸೊಸೆ ಶ್ರೀಗೌರಿ ಎರಡು ಸಲ ಲೆಕ್ಕ ಮಾಡಿ ತೋರಿಸಿದ್ದಳು. ಲೆಕ್ಕದಲ್ಲಿ ತಪ್ಪಿರಲಿಲ್ಲ. "ಸೈನ್ ಹಾಕಿ ಅತ್ತೆ. ಕೇಬಲ್ ವೆಂಕಟಣ್ಣನಿಗೂ ದುಡ್ಡಿಗೆ ಅಂತ ಹೊನ್ನಾವರದಿಂದ ಕರ್ಕಿಗೆ ಬಿಸಿಲಲ್ಲಿ ಬರೂದು ತಪ್ತದೆ."

ಅಷ್ಟರಲ್ಲಿ ಗೇಟಿನ ಹೊರಗೆ ಸ್ಕೂಟರು ನಿಂತಿತು. "ಕಮಲಾಕರಣ್ಣಾ, ಕೇಬಲ್ಲು."

"ಮಾವ ಹೋಗಿ ಎರಡು ವರ್ಷ ಆತು. ಇವರಿಗೆ ಇನ್ನೂ ಅದೇ ಚಾಳಿ. ತಡೀರಿ, ನಾ ಹೇಳ್ತೆ," ಎಂದು ಶ್ರೀಗೌರಿ ಎದ್ದಳು.

ಗಂಗಮ್ಮ ಅವಳ ಕೈ ಹಿಡಿದಳು. ಮದುವೆಯಾದಂದಿನಿಂದ ಅವಳು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ಪೂಜೆಯ ಸಂಕಲ್ಪಕ್ಕೆ ಭಟ್ಟರು ಕೇಳಿದರೂ ಮಗನ ಮುಖ ನೋಡುತ್ತಿದ್ದಳು. ಮಗನಿಗೆ ಅವರು ಅಪ್ಪ, ಸೊಸೆಗೆ ಮಾವ. ಆ ಮನೆಯಲ್ಲಿ ಆ ಹೆಸರು ಈಗ ಕೇಳಿಸುತ್ತಿದ್ದುದು ತಿಂಗಳಿಗೊಮ್ಮೆ, ಗೇಟಿನ ಹೊರಗಿನಿಂದ ಮಾತ್ರ.

"ಅವನಿಗೆ ಮರ್ತು ಹೋದದ್ದಲ್ಲ ಗೌರಿ. ಅವರು ತೀರ್ಕಂಡ ತಿಂಗಳೇ ಹಾಂಗೆ ಕರೆದು, ನಾಲಿಗೆ ಕಚ್ಕಂಡು ನಿಂತಿದ್ದ. ಇನ್ನು ಮೇಲೂ ಹಾಂಗೇ ಕರಿ ಅಂತ ನಾನೇ ಹೇಳಿದ್ದು."

ಶ್ರೀಗೌರಿ ಮೆಲ್ಲಗೆ ಕುಳಿತಳು. ಗಂಗಮ್ಮ ಪೆನ್ನಿಗೆ ಮುಚ್ಚಳ ಹಾಕಿ ಅರ್ಜಿಯನ್ನು ಅತ್ತ ಸರಿಸಿದಳು. ಕೇಬಲ್ಲಿನ ದುಡ್ಡು ಸೆರಗಿನ ಗಂಟಿನಲ್ಲಿ ಬೆಳಗಿನಿಂದಲೇ ಸಿದ್ಧವಿತ್ತು. ಆದರೂ ಅವಳು ಓಗೊಡಲಿಲ್ಲ, ವೆಂಕಟ ಇನ್ನೊಮ್ಮೆ ಕರೆಯಲಿ ಎಂದು ಕಾದಳು.