ಹನ್ನೆರಡು ಫ್ರೇಮಿನ ಹಗ್ಗ

ಮೊದಲ ಆಟ ಶುರುವಾಗಿ ಒಂದೂವರೆ ಗಂಟೆಯಾದರೂ ಜನ ಒಂದು ಸಲವೂ ಚಪ್ಪಾಳೆ ತಟ್ಟಿರಲಿಲ್ಲ. ಹಿಂದೆ ಇದೇ ಚಿತ್ರದ ಮೊದಲ ಭಾಗ ಬಂದಾಗ ಕುರ್ಚಿ ಹತ್ತಿ ಕುಣಿದವರೇ ಈ ಎರಡನೇ ಭಾಗಕ್ಕೆ ಬಂದು ಆಕಳಿಸುತ್ತ ಮೊಬೈಲು ತೆಗೆದಿದ್ದರು. ಕೋಟಿಗಟ್ಟಲೆ ಸುರಿದು ಮಾಡಿದ ಸೂಪರ್‌ಹೀರೋ ಒಂದೇ ಏಟಿಗೆ ಮೂರು ಸೇತುವೆ ಪುಡಿ ಮಾಡಿದ. ಹಿಂದಿನ ಸಾಲಿನ ಅಜ್ಜಿಯೊಬ್ಬರು, "ಇನ್ನೂ ಎಷ್ಟು ಹೊತ್ತಿದೆಯೇ?" ಎಂದು ಮೊಮ್ಮಗಳನ್ನು ತಿವಿದರು.

ಹಗ್ಗದಕ್ಕನಿಗೆ ಆಕಳಿಕೆ ಎಲ್ಲಿಂದ ಬರಬೇಕು? ಗ್ರಾಫಿಕ್ಸ್ ಸ್ಟುಡಿಯೋದಲ್ಲಿ ಅವಳನ್ನು ಕರೆಯುವುದೇ ಹಾಗೆ. ಹೀರೋನ ಬದಲಿಗೆ ಹಾರುವವರ ಬೆನ್ನಿಗೆ ಕಟ್ಟಿದ ಹಗ್ಗವನ್ನು ಕಂಪ್ಯೂಟರಿನಲ್ಲಿ ಒಂದೊಂದೇ ಫ್ರೇಮಿನಿಂದ ಅಳಿಸುವುದು ಅವಳ ಕೆಲಸ. ಈ ಚಿತ್ರದಲ್ಲಿ ಅವಳು ಅಳಿಸದೇ ಬಿಟ್ಟ ಹಗ್ಗ ಒಂದಿತ್ತು. ಗೋಪುರದಿಂದ ಬೀಳುವ ಶಾಟ್. ಹನ್ನೆರಡು ಫ್ರೇಮು, ಅಂದರೆ ಅರ್ಧ ಸೆಕೆಂಡು.

"ಯಾಕೆ ಹಂಗೆ ಒದ್ದಾಡ್ತಿದೀಯ?" ಪಕ್ಕದಲ್ಲಿದ್ದ ಸ್ಟುಡಿಯೋದ ಮೇಲ್ವಿಚಾರಕ ಕೇಳಿದ.

"ಏನಿಲ್ಲ ಸರ್, ಏಸಿ ಜಾಸ್ತಿ."

"ನಿರ್ಮಾಪಕರು ಈಗಲೇ ಕೆಂಡ ಆಗಿದಾರೆ. ನಮ್ಮ ಕಡೆಯಿಂದ ಒಂದು ತಪ್ಪು ಸಿಕ್ಕರೆ ಸಾಕು, ಸಿನಿಮಾ ಮಕಾಡೆ ಮಲಗಿದ್ದಕ್ಕೆಲ್ಲ ನಾವೇ ಕಾರಣ ಅಂತಾರೆ. ಯಾರ ತಪ್ಪೋ ಅವರನ್ನ ಇವತ್ತೇ ಮನೆಗೆ ಕಳಿಸ್ತೀನಿ."

ಅವಳೇನು ಮರೆತು ಬಿಟ್ಟದ್ದಲ್ಲ. ಆ ಶಾಟ್‌ನಲ್ಲಿ ಬೀಳುವವನು ಅವಳ ಸ್ವಂತ ಅಣ್ಣ. ಮೊದಲ ಭಾಗದ ಚಿತ್ರೀಕರಣದಲ್ಲಿ ಹಗ್ಗದ ಕೊಂಡಿ ಬಿಚ್ಚಿ ಬಿದ್ದು, ಮೂರು ಪಕ್ಕೆಲುಬು ಮುರಿದುಕೊಂಡು ಆರು ತಿಂಗಳು ಮಲಗಿದ್ದವನು. ಈ ಸಲ ಅವನ ಬೆನ್ನಿನ ಹಗ್ಗ ಅಳಿಸಲು ಕೂತಾಗಲೆಲ್ಲ, ತಾನೇ ಅವನನ್ನು ಕೈಬಿಟ್ಟಂತಾಗಿ ಅವಳಿಗೆ ಕೈ ಓಡುತ್ತಿರಲಿಲ್ಲ. ನಾಳೆ ಮಾಡಿದರಾಯಿತು ಎಂದು ಮುಂದೂಡುತ್ತಲೇ ಹೋದಳು. ಕೊನೆಯ ದಿನದ ಗಡಿಬಿಡಿಯಲ್ಲಿ ಮೇಲ್ವಿಚಾರಕ ನೂರಾರು ಶಾಟ್‌ಗಳನ್ನು ಕಣ್ಣು ಕೂಡ ಹಾಯಿಸದೆ ಸಾಗಹಾಕಿದ. ಅವುಗಳ ಜೊತೆ ಇದೂ ಹೋಯಿತು.

ಪರದೆಯ ಮೇಲೆ ಗೋಪುರ ಬಂತು. ನೋಡುವವರಿಗೆ ಬೆನ್ನು ಹಾಕಿ ನಿಂತಿದ್ದ ಅಣ್ಣ ತೋಳು ಚಾಚಿ ಕೆಳಕ್ಕೆ ಬಿದ್ದ. ಬಿಳಿ ಮೋಡದ ಮೇಲೆ ಕಪ್ಪು ಹಗ್ಗ ಗೀಟು ಎಳೆದಂತೆ ಕಂಡು ಮಾಯವಾಯಿತು.

ಮೇಲ್ವಿಚಾರಕ ನಿಧಾನವಾಗಿ ತಿರುಗಿದ. "ಯಾರ ಶಾಟ್ ಅದು?"

"ನಂದೇ ಸರ್."

"ಎಲ್ಲರೂ ನೋಡಿಬಿಟ್ರಲ್ಲೇ! ನಾಳೆಯಿಂದ ನೀನು ಬರಬೇಡ."

ನೋಡಿದ್ದು ನಿಜ. ಸಾಲುಸಾಲಿಗೆ ಮೊಬೈಲುಗಳು ಕೆಳಗಿಳಿದಿದ್ದವು. "ಲೋ, ಇದು ಗ್ರಾಫಿಕ್ಸ್ ಅಲ್ಲ, ಅಷ್ಟೆತ್ತರದಿಂದ ನಿಜವಾಗ್ಲೂ ಯಾರೋ ಬಿದ್ದಿದಾರೆ ಕಣೋ!" ಎಂದು ಮುಂದೆ ಯಾರೋ ಕೂಗಿದರು.

ಹಿಂದಿನ ಸಾಲಿನ ಅಜ್ಜಿ ಎದೆಯ ಮೇಲೆ ಕೈಯಿಟ್ಟುಕೊಂಡು ಉಸಿರು ಬಿಟ್ಟರು. "ಸದ್ಯ, ಹಗ್ಗ ಕಟ್ಟಿದಾರೆ. ಯಾರ ಮಗನೋ, ಪಾಪ."